ಬಳೆಗಾರನ ನಡಿಗೆ

“ಗುರುಗಳೇ, ತೀರಿಕೊಂಡ ನನ್ನ ತಾಯಿ ನನಗೆ ಮರೆತುಹೋಗುತ್ತಿದ್ದಾಳೆ. ಮೊದಲು ಅವಳ ದನಿ ಹೋಯಿತು. ಈಗ ಮುಖವೂ ಮಸುಕಾಗುತ್ತಿದೆ. ನನ್ನ ಪ್ರೀತಿ ಅಷ್ಟೇ ಇತ್ತೇ?” ಎಂದು ಶಿಷ್ಯ ಕೇಳಿದ.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡರು. “ರಾಜರ ಕತೆ, ಋಷಿಗಳ ಕತೆ ಹೇಳಿದರೆ ನಾನು ಮುಗಿಸುವ ಮೊದಲೇ ನೀನು ನೀತಿ ಹೇಳಿಬಿಡುತ್ತೀಯ. ಇವತ್ತು ಗೊಂಬೆ ಮಾಡುವವನೊಬ್ಬನ ಕತೆ ಹೇಳುತ್ತೇನೆ. ಸುಮ್ಮನೆ ಕೇಳು” ಎಂದು ಶುರುಮಾಡಿದರು.

ಒಂದು ಊರಿನಲ್ಲಿ ಗೊಂಬೆ ಮಾಡುವವನೊಬ್ಬನಿದ್ದ. ಮಕ್ಕಳು ಆಡುವ ಗೊಂಬೆಯಲ್ಲ, ಸಿನಿಮಾದ ಗೊಂಬೆ. ಅದನ್ನು ಮೇಜಿನ ಮೇಲೆ ನಿಲ್ಲಿಸಿ, ಎಳ್ಳುಕಾಳಿನಷ್ಟು ಸರಿಸಿ ಒಂದು ಫೋಟೊ ತೆಗೆಯುವುದು. ಮತ್ತೆ ಅಷ್ಟೇ ಸರಿಸಿ ಇನ್ನೊಂದು. ಎಲ್ಲವನ್ನೂ ಒಂದರ ಹಿಂದೊಂದು ಓಡಿಸಿದರೆ ಗೊಂಬೆ ತಾನೇ ನಡೆದಂತೆ ಕಾಣುತ್ತದೆ. ನಡುವೆ ನೆಲ ಅದುರಿ ಮೇಜು ಅಲುಗಿತೋ, ಬೆಳಗಿನಿಂದ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಜನ ಇದನ್ನು ಹುಚ್ಚು ಎನ್ನುತ್ತಾರೆ. ನಾನೂ ಹುಚ್ಚೆಂದೇ ಹೇಳುತ್ತೇನೆ, ಆದರೆ ಒಳ್ಳೆಯ ಹುಚ್ಚು.

ಅವನಿಗೆ ಇದ್ದವಳು ಒಬ್ಬ ತಂಗಿ. ಅವರ ತಂದೆ ಬಳೆಗಾರ. ಗಾಜಿನ ಬಳೆಗಳನ್ನು ಸರ ಕಟ್ಟಿದ ಮಲಾರವನ್ನು ಹೆಗಲಿಗೆ ಹಾಕಿಕೊಂಡು ಬೀದಿ ಬೀದಿ ತಿರುಗುತ್ತಿದ್ದವನು. ಅವನು ತೀರಿಕೊಂಡಾಗ ತಂಗಿ ತೊಟ್ಟಿಲಲ್ಲಿದ್ದಳು. ಅಣ್ಣನಿಗೂ ಚಡ್ಡಿಯ ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ.

ಒಂದು ದಿನ ತಂಗಿ ಕೇಳಿದಳು: “ಅಣ್ಣಾ, ನೀನು ಕೋತಿಯನ್ನು ನಡೆಸಿದೆ, ಕೋಳಿಯನ್ನು ನಡೆಸಿದೆ. ಅಪ್ಪನನ್ನು ಒಂದು ಸಲ ನಡೆಸು. ಫೋಟೊದಲ್ಲಿ ಅಪ್ಪ ಕುರ್ಚಿಯ ಮೇಲೆ ಕೂತೇ ಇದ್ದಾನೆ. ಅವನು ಎದ್ದದ್ದನ್ನು ನಾನು ನೋಡಿಯೇ ಇಲ್ಲ.”

ಅವಳು ಅಣ್ಣನನ್ನು ಯಾವತ್ತೂ ಏನನ್ನೂ ಬೇಡಿದವಳಲ್ಲ. ಅವನು ಆಗಲಿ ಎಂದ.

ಮುಖ ಕಷ್ಟವಾಗಲಿಲ್ಲ, ಫೋಟೊ ಇತ್ತಲ್ಲ. ಜೇಡಿಮಣ್ಣಿನಲ್ಲಿ ತಲೆ ಮಾಡಿ, ಹತ್ತಿಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟ. ಆಮೇಲೆ ತಂತಿಯನ್ನು ಎರಡೆಳೆ ಹೊಸೆದು ಬೆನ್ನು, ಕೈ, ಕಾಲು ಮಾಡಿದ. ಮೂಳೆ ಇರುವ ಕಡೆ ತಂತಿಯ ಮೇಲೆ ಗಟ್ಟಿಯಾಗುವ ಅಂಟು ಮೆತ್ತಿದ. ಕೀಲು ಇರುವ ಕಡೆ ಬಗ್ಗಲೆಂದು ತಂತಿಯನ್ನು ಹಾಗೇ ಬಿಟ್ಟ. ಆ ಕಸುಬಿನಲ್ಲಿ ಒಂದು ಕಟ್ಟುನಿಟ್ಟಿದೆ. ತಲೆ, ಬಟ್ಟೆ ಏನನ್ನೂ ಹಾಕುವ ಮೊದಲು ಬರಿಯ ತಂತಿಯ ಮೈಯನ್ನು ನಡೆಸಿ ನೋಡಬೇಕು. ನಡಿಗೆ ಸರಿಯಿಲ್ಲದ ಗೊಂಬೆಗೆ ಏನು ತೊಡಿಸಿದರೂ ಹೆಣಕ್ಕೆ ಶೃಂಗಾರ ಮಾಡಿದಂತೆಯೇ.

ಅಲ್ಲಿಗೆ ಬಂದು ಅವನ ಕೈ ನಿಂತಿತು. ಅಪ್ಪ ಹೇಗೆ ನಡೆಯುತ್ತಿದ್ದ? ಅವನ ಜೊತೆ ತಿರುಗಿದ ಬೀದಿ ನೆನಪಿತ್ತು. ಬಳೆಗಳ ಸದ್ದು ಕೇಳಿ ಹೆಂಗಸರು ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬರುತ್ತಿದ್ದದ್ದು ನೆನಪಿತ್ತು. ಯಾರೋ ಒಬ್ಬಳು ಕೊಡುತ್ತಿದ್ದ ಬೆಲ್ಲದ ಚೂರಿನ ರುಚಿ ಕೂಡ ನಾಲಗೆಯ ಮೇಲಿತ್ತು. ಅಪ್ಪನ ನಡಿಗೆ ಮಾತ್ರ ಎಲ್ಲಿಯೂ ಇರಲಿಲ್ಲ. ಬೆಲ್ಲ ನೆನಪಿಟ್ಟುಕೊಂಡು ಅಪ್ಪನನ್ನು ಮರೆತೆನಲ್ಲ ಎಂದು ಅವನು ಅತ್ತ.

ಗೊತ್ತಿಲ್ಲದ ನಡಿಗೆ ಬೇಕಾದಾಗ ಆ ಕಸುಬಿನವರು ಕನ್ನಡಿಯ ಮುಂದೆ ತಾವೇ ನಡೆದು ನೋಡುತ್ತಾರೆ. ಇವನೂ ನೋಡಿದ. ಬೆನ್ನು ಬಗ್ಗಿಸಿ ನಡೆದ, ಕಾಲೆಳೆದು ನಡೆದ. ಯಾವುದೂ ಅಪ್ಪನದು ಅನ್ನಿಸಲಿಲ್ಲ. ಕೊನೆಗೆ ಸೋತು, ತಾನು ದಿನವೂ ನಡೆಯುವಂತೆ ನಡೆದು, ಅದನ್ನೇ ತಂತಿಗೆ ಕಲಿಸಿ ಫೋಟೊ ತೆಗೆದ. ತಂಗಿಗೇನು ಗೊತ್ತಾಗುತ್ತದೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡ.

ತಂಗಿಯನ್ನು ಕರೆದು ತೋರಿಸಿದ. ಮುಖವಿಲ್ಲದ ತಂತಿಯ ಮನುಷ್ಯ ಪರದೆಯ ಮೇಲೆ ಈ ತುದಿಯಿಂದ ಆ ತುದಿಗೆ ನಡೆದ. ತಂಗಿಯ ಮುಖ ಬಾಡಿತು.

“ಅಣ್ಣಾ, ಇದು ನೀನು. ಮೈ ಅಲುಗದ ಹಾಗೆ ನಡೆಯುವವನು ಈ ಬೀದಿಯಲ್ಲಿ ನೀನೊಬ್ಬನೇ. ನನಗೆ ಗೊತ್ತಾಗುವುದಿಲ್ಲವೇ?”

“ನಿಜ ಕಣೇ” ಎಂದ ಅಣ್ಣ. “ನೆಲ ಅದುರಬಾರದೆಂದು ನಡೆದೂ ನಡೆದೂ ನನಗೆ ಬಂದ ನಡಿಗೆ. ಅಪ್ಪನದು ನನ್ನಲ್ಲಿ ಉಳಿದಿಲ್ಲ. ನಿನಗೆ ಮೋಸ ಮಾಡಲು ಹೊರಟಿದ್ದೆ.” ಗೊಂಬೆಯನ್ನು ಕಿತ್ತುಹಾಕಲು ಇಕ್ಕಳ ತೆಗೆದುಕೊಂಡ.

ಆಗ ಪಕ್ಕದ ಮನೆಯ ಮುದುಕಿ ಮಜ್ಜಿಗೆ ಕೇಳಲು ಬಂದಳು. ಪರದೆಯ ಮೇಲೆ ತಂತಿಯ ಮನುಷ್ಯ ಮತ್ತೆ ಮತ್ತೆ ನಡೆಯುತ್ತಲೇ ಇದ್ದ. ಅದೇನೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಮುದುಕಿ ಬಾಗಿಲಲ್ಲೇ ನಿಂತಳು. ಬಳೆಯಿಲ್ಲದ ಅವಳ ಕೈ ತಾನಾಗಿ ಮುಂದಕ್ಕೆ ಬಂತು.

“ಅಯ್ಯೋ, ಬಳೆಗಾರ! ಮಲಾರ ಎಲ್ಲಿ ಬಿಟ್ಟು ಬಂದವ್ನೆ?” ಎಂದಳು.

ಅಣ್ಣ ಇಕ್ಕಳ ಕೆಳಗಿಟ್ಟ. ಮುದುಕಿ ಕೈಯನ್ನು ಸೆರಗಿನೊಳಕ್ಕೆ ಎಳೆದುಕೊಂಡು ಅಣ್ಣನ ಕಡೆ ತಿರುಗಿದಳು. “ಹೆಗಲ ಮ್ಯಾಲೆ ಗಾಜು ಹೊತ್ತೋನ ನಡಿಗೆ ಕಣಪ್ಪ ಇದು. ಮೈ ಅಲ್ಲಾಡಿದ್ರೆ ಬಳೆ ಉಳೀತದಾ? ನೀನು ಇಷ್ಟುದ್ದ ಇದ್ದೆ, ಅವನ ಹಿಂದ್ಹಿಂದೇ ಬರ್ತಿದ್ದೆ. ನಿನ್ನ ಹೆಗಲ ಮ್ಯಾಲೆ ಏನೂ ಇಲ್ದಿದ್ರೂ ಹಂಗೇ ನಡೀತಿದ್ದೆ. ನಾವೆಲ್ಲ ನಗ್ತಿದ್ವಿ.”

ಅಷ್ಟು ಹೇಳಿ, ಮಜ್ಜಿಗೆ ಮರೆತು ಹೊರಟುಹೋದಳು.

ಇಲ್ಲಿಗೆ ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ತಾಳ್ಮೆ ಉಳಿಯಲಿಲ್ಲ.

“ಆಮೇಲೆ ಆ ಗೊಂಬೆಗೆ ಅಪ್ಪನ ಮುಖ ಇಟ್ಟನೇ, ಗುರುಗಳೇ?”

“ತಂಗಿ ಗೊಂಬೆಯ ಕಡೆ ನೋಡಲೇ ಇಲ್ಲ, ‘ಅಣ್ಣಾ, ಆ ಗೋಡೆಯವರೆಗೆ ಒಂದು ಸಲ ನಡೆ, ನಾನು ನೋಡಬೇಕು’ ಎಂದಳು.”