ಗಾಳಿಯ ದಿನದ ಭಾರ

ಹಿನ್ನೀರಿನ ಹಾಯಿದೋಣಿ ಕ್ಲಬ್ಬಿನ ಅಧ್ಯಕ್ಷ ಶ್ರೀಕಂಠಪ್ಪನವರದು ಒಂದು ಪದ್ಧತಿ. ಪಂದ್ಯದ ದಿನ ಗಾಳಿ ಮೆಲ್ಲಗಿದ್ದರೆ ತೆಳ್ಳಗಿನ ಅಳಿಯನನ್ನು ದೋಣಿಗೆ ಹತ್ತಿಸಿಕೊಳ್ಳುವರು. ಗಾಳಿ ಬಿರುಸಾದರೆ ದೋಣಿ ತೊಳೆಯುವ ದಪ್ಪ ಆಳನ್ನು ಕರೆಯುವರು. ದೋಣಿ ಮಗುಚದಂತೆ ಅವನು ಅಂಚಿನಿಂದ ಹೊರಕ್ಕೆ ಜೋತುಬೀಳಬೇಕು. ಹಾಗೆ ಎಷ್ಟೋ ಸಲ ಗೆಲ್ಲಿಸಿದ್ದ. ಪ್ರತಿಸಲವೂ ಗೆಲುವಿನ ಊಟವನ್ನು ಕ್ಲಬ್ಬಿನ ಹಿತ್ತಲಲ್ಲಿ ನಿಂತು ಉಂಡಿದ್ದ.

ಆ ವರ್ಷ ಪಂದ್ಯದ ದಿನ ಹಾಯಿ ಹರಿಯುವಂಥ ಗಾಳಿ. ಬೇರೆ ಹಲವು ದೋಣಿಗಳು ಮಗುಚಿದವು. ಆಳಿನ ಅಂಗೈ ಸುಲಿಯಿತು. ಅಧ್ಯಕ್ಷರು ಗೆದ್ದರು.

ಸಂಜೆ ಬಹುಮಾನದ ಊಟ. ಗೆದ್ದ ದೋಣಿಯವರಿಗೆ ಮುಂದಿನ ಮೇಜು. ಆಳು ಒಗೆದ ಅಂಗಿ ತೊಟ್ಟು ಬಂದು ಅಲ್ಲಿ ಕುಳಿತ.

"ಏಳೋ ಮೇಲೆ! ಗೆದ್ದವನು ನಾನು. ನೀನು ಬರೀ ಭಾರ, ಮರಳಿನ ಮೂಟೆ ಇದ್ದ ಹಾಗೆ," ಎಂದರು ಅಧ್ಯಕ್ಷರು.

ಆಳು ಎದ್ದ. ಕಪ್ ಹಿಡಿದು ನಿಂತಿದ್ದ ತೀರ್ಪುಗಾರ ಪಿಂಟೊ ಅವರನ್ನು ಕೇಳಿದ: "ಸ್ವಾಮಿ, ದೋಣಿಯಲ್ಲಿ ಎಷ್ಟು ಜನ ಇರಬೇಕು?"

"ಇಬ್ಬರು. ಒಬ್ಬರೇ ಇದ್ದರೆ ಗೆಲುವು ರದ್ದು."

"ಹಾಗಾದರೆ ಸಾಹೇಬರನ್ನೇ ಕೇಳಿ. ಅವರ ಜೊತೆಗಿದ್ದದ್ದು ಮನುಷ್ಯನೋ, ಮೂಟೆಯೋ?"

ಊಟಕ್ಕೆ ಕೂತವರೆಲ್ಲ ಕೈ ನಿಲ್ಲಿಸಿದರು. ಪಿಂಟೊ ನಗಲಿಲ್ಲ.

"ಹೇಳಿ ಅಧ್ಯಕ್ಷರೇ. ಮನುಷ್ಯನಾದರೆ ಕುರ್ಚಿ ಕೊಡಿ. ಮೂಟೆಯಾದರೆ ಕಪ್ ಬಿಡಿ."

ಅಧ್ಯಕ್ಷರು ಕಪ್ಪನ್ನು ನೋಡಿದರು. ಪಕ್ಕದ ಖಾಲಿ ಕುರ್ಚಿಯನ್ನು ನೋಡಿದರು. ಹಣೆಯ ಬೆವರು ಒರೆಸಿಕೊಂಡರು.

"ಮೂಟೆ," ಎಂದರು.

ಕಪ್ ಎರಡನೆಯದಾಗಿ ಬಂದ ದೋಣಿಗೆ ಹೋಯಿತು.

"ಮುಂದಿನ ಸಲ ಗಾಳಿ ಎದ್ದಾಗ ಮೂಟೆಯನ್ನೇ ಕರೆಯಿರಿ ಸ್ವಾಮಿ," ಎಂದ ಆಳು. ಉಣ್ಣದೆ ಮನೆಗೆ ನಡೆದ.