ಪೈಪಿಗೆ ಬಿಸಿ ಮುಟ್ಟಿಸಿದ್ದು

ಮ್ಯಾನೇಜರಿಗೆ ಹೇಳಿ ಹೇಳಿ ಪುಟ್ಟಮಾದಯ್ಯನಿಗೆ ಸಾಕಾಗಿಹೋಗಿತ್ತು. ಊಟಿಯ ಒಂದು ಹೋಟೆಲಿನಲ್ಲಿ ಕಿಟಕಿ ಗಾಜು ತೊಳೆಯುವುದು ಅವನ ಕೆಲಸ. ಉದ್ದನೆಯ ಕೋಲು, ತುದಿಗೆ ಬ್ರಷ್ಷು, ಬ್ರಷ್ಷಿಗೆ ಪೈಪಿನಿಂದ ನೀರು. ಪೈಪಿನಲ್ಲಿ ಉಳಿದ ನೀರು ರಾತ್ರಿ ಚಳಿಗೆ ಹೆಪ್ಪುಗಟ್ಟಿ, ಬೆಳಗಾದರೆ ಪೈಪು ಒನಕೆಯಂತೆ ಸೆಟೆದಿರುತ್ತಿತ್ತು.

“ನೀರು ಬಸಿದು ಸ್ಟೋರ್ ರೂಮಲ್ಲಿ ಇಡ್ತೀನಿ ಸಾರ್, ಬೀಗದಕೈ ಕೊಡಿ” ಎಂದರೆ ಮ್ಯಾನೇಜರ್ ವರದರಾಜು, “ಸ್ಟೋರ್ ರೂಮೇನು ನಿಮ್ಮಪ್ಪಂದಾ? ಹೊರಗೇ ಬಿದ್ದಿರಲಿ” ಎನ್ನುತ್ತಿದ್ದ.

ಅವತ್ತು ಮದುವೆ ದಿಬ್ಬಣ ಬರುವುದಿತ್ತು. ಗಾಜೆಲ್ಲ ಧೂಳು. ಬ್ರಷ್ಷಿನಲ್ಲಿ ಹನಿ ನೀರಿಲ್ಲ. ವರದರಾಜು ಎಲ್ಲರೆದುರೂ ಕೂಗಾಡಿದ: “ಬಿಸಿ ಮುಟ್ಟಿಸದೇ ಇದ್ರೆ ಇಲ್ಲಿ ಒಂದು ಕೆಲಸಾನೂ ಆಗಲ್ಲ!”

“ಸರಿಯಾಗಿ ಹೇಳಿದ್ರಿ ಸಾರ್” ಎಂದ ಪುಟ್ಟಮಾದಯ್ಯ.

ನೌಕರರ ಕಡೆ ಹೀಟರ್ ಇದ್ದದ್ದು ಒಂದೇ ಕೋಣೆಯಲ್ಲಿ, ಮ್ಯಾನೇಜರನದು.

ವರದರಾಜು ಕಾಫಿ ಕುಡಿದು ಬಂದು ಬಾಗಿಲು ತೆಗೆದ. ಮೇಜು ಕುರ್ಚಿಗಳ ಸುತ್ತ ಹೆಬ್ಬಾವಿನಂತೆ ಮಲಗಿ, ಪೈಪು ಹೀಟರಿನ ಮುಂದೆ ಚಳಿ ಕಾಯಿಸಿಕೊಳ್ಳುತ್ತಿತ್ತು. ಕರಗಿದ ನೀರೆಲ್ಲ ಕಾರ್ಪೆಟ್ಟಿನ ಮೇಲೆ. ಒಳಗಿಟ್ಟ ಕಾಲು ಪಚಕ್ಕೆಂದಿತು.

“ಏನೋ ಇದು!”

“ಬಿಸಿ ಮುಟ್ಟಿಸ್ತಿದ್ದೀನಿ ಸಾರ್. ನೀವೇ ಹೇಳಿದ್ರಲ್ಲ.”

“ನಾನು ಹೇಳಿದ್ದು ನಿನಗೆ ಕಣೋ!”

“ನಾನು ಬೆಚ್ಚಗೇ ಇದೀನಿ ಸಾರ್. ಸೆಟೆದಿದ್ದು ಪೈಪು.”

ವರದರಾಜು ಹಣೆ ಹಣೆ ಚಚ್ಚಿಕೊಂಡ. “ನಾಳೆನೂ ಇಲ್ಲಿಗೇ ತರ್ತೀಯಾ?”

“ಹೊರಗೇ ಬಿದ್ದಿರಲಿ ಅಂದ್ರೆ ದಿನಾ ತರಬೇಕಲ್ಲ ಸಾರ್.”

ವರದರಾಜು ಒದ್ದೆ ಕಾಲುಚೀಲ ಕಳಚಿ ಹಿಂಡಿದ. ಆಮೇಲೆ ಸ್ಟೋರ್ ರೂಮಿನ ಬೀಗದಕೈ ತೆಗೆದು ಮೇಜಿನ ಮೇಲಿಟ್ಟ.