ಕಿರುಚೇಳಿನ ಬೆನ್ನು

ಮಕ್ಕಳೇ, ಕಾಡಿನಲ್ಲಿ ಉರುಳಿಬಿದ್ದ ಮತ್ತಿಮರವೊಂದರ ತೊಗಟೆಯಡಿ, ನಿಮ್ಮ ಹೆಬ್ಬೆರಳಿನ ಉಗುರಿಗಿಂತ ತುಸುವೇ ಉದ್ದದ ಕಿರುಚೇಳೊಂದು ವಾಸಿಸುತ್ತಿತ್ತು. ಕೊಂಡಿಗೆ ಹೆದರಿ ಯಾರೂ ಅದರ ಹತ್ತಿರ ಸುಳಿಯುತ್ತಿರಲಿಲ್ಲ. ಅದು ಇನ್ನೊಬ್ಬರೊಡನೆ ಮಾತನಾಡಿ ಎರಡು ಮಳೆಗಾಲಗಳು ಕಳೆದಿದ್ದವು.

ಒಂದು ಬೆಳಿಗ್ಗೆ ಅದು ಹನ್ನೊಂದು ಮರಿಗಳನ್ನು ಹೆತ್ತಿತು. ಅಕ್ಕಿನುಚ್ಚಿನಂತೆ ಬೆಳ್ಳಗಿದ್ದ ಮರಿಗಳು ತಾಯಿಯ ಕಾಲು ಹಿಡಿದು ಬೆನ್ನೇರಿ ಕುಳಿತವು. ಅವುಗಳ ಚರ್ಮ ಇನ್ನೂ ಗಟ್ಟಿಯಾಗಿರಲಿಲ್ಲ. ಮೊದಲ ಪೊರೆ ಕಳಚುವವರೆಗೆ ಆ ಬೆನ್ನೇ ಅವುಗಳ ಮನೆ. ಬಿದ್ದರೆ ಬದುಕುವುದು ಕಷ್ಟ.

ಅಂದು ಪಕ್ಕದ ಬಿರುಕಿನಿಂದ ಚೋರಟೆ ಎಂಬ ಸಹಸ್ರಪದಿಯೊಂದು ತನ್ನ ಸಾಲುಸಾಲು ಕಾಲುಗಳನ್ನು ಸರಿಸುತ್ತಾ ಬಂದು, ದೂರದಲ್ಲೇ ನಿಂತು ಇಣುಕಿತು.

"ಅಯ್ಯೋ, ಹನ್ನೊಂದಾ! ನಿನ್ನ ಕತೆ ಮುಗಿಯಿತು ಕಣೇ."

"ಏಕೆ, ಚೋರಟಕ್ಕ?"

"ಚೇಳಿನ ಮರಿಗಳು ತಾಯಿಯ ಬೆನ್ನನ್ನೇ ತಿಂದು ಬೆಳೆಯುತ್ತವೆ. ನಮ್ಮಜ್ಜಿ ಹೇಳುತ್ತಿದ್ದಳು."

"ಅಜ್ಜಿ ಅದನ್ನು ನೋಡಿದ್ದರೇ?"

"ನೋಡಬೇಕೇ? ಕಾಡಿಗೆಲ್ಲ ಗೊತ್ತಿರುವ ವಿಷಯ! ನನಗೇನು, ನೆರೆಯವಳೆಂದು ಹೇಳಿದೆ."

ನೆರೆಯವಳು! ಅಷ್ಟು ಕಾಲದ ಮೇಲೆ ಕಿವಿಗೆ ಬಿದ್ದ ಆ ಮಾತನ್ನು ಸುಳ್ಳೆನ್ನಲು ಚೇಳಿಗೆ ಮನಸ್ಸಾಗಲಿಲ್ಲ. ಮರಿಗಳು ಮಿಸುಕಾಡಿದಾಗಲೆಲ್ಲ ಅದಕ್ಕೆ ಕಚ್ಚಿದಂತೆಯೇ ಅನಿಸತೊಡಗಿತು. ಕೊನೆಗೆ ತೊಗಟೆಗೆ ಬೆನ್ನುಜ್ಜಿ ಎಲ್ಲವನ್ನೂ ಉದುರಿಸಿ, ಚೋರಟೆಯ ಬಿರುಕಿಗೆ ಓಡಿತು.

"ಅಕ್ಕಾ, ನನ್ನ ಬೆನ್ನು ನನಗೆ ಕಾಣದು. ಗಾಯ ಎಷ್ಟಾಗಿದೆ, ನೋಡಿ ಹೇಳು."

ಚೋರಟೆ ಅತ್ತಿತ್ತ ತಲೆಯಾಡಿಸಿ ನೋಡಿತು. "ಎಲ್ಲಿ? ಒಂದು ಗೀರೂ ಇಲ್ಲವಲ್ಲ! ಅಜ್ಜಿ ಹೇಳಿದ್ದು ಬೇರಾವುದೋ ಚೇಳಿನ ವಿಷಯವಿರಬೇಕು, ಬಿಡು."

ಚೇಳು ಬಂದ ದಾರಿಯಲ್ಲೇ ಓಡಿತು. ಅಷ್ಟರಲ್ಲಿ ಇರುವೆಗಳ ಸಾಲು ಬಂದು ಹೋಗಿತ್ತು. ಒದ್ದೆ ಮರದ ಪುಡಿಯೊಳಗೆ ಹುದುಗಿದ್ದ ಮೂರು ಮರಿಗಳಷ್ಟೇ ಉಳಿದಿದ್ದವು. ತಾಯಿ ತನ್ನ ಇಕ್ಕುಳಗಳನ್ನು ನೆಲಕ್ಕೆ ಚಾಚಿತು. ಮರಿಗಳು ಬಹಳ ಹೊತ್ತು ಅಲುಗಾಡಲಿಲ್ಲ. ಆಮೇಲೆ ಹತ್ತಿದವು.

ವಾರ ಕಳೆಯುವಷ್ಟರಲ್ಲಿ ಮೂರೂ ಪೊರೆ ಕಳಚಿ ಕಂದುಬಣ್ಣ ತಳೆದವು. ನಂತರ ಚೇಳುಗಳ ರೀತಿಯಂತೆ, ಒಂದೊಂದಾಗಿ, ತಮ್ಮ ತಮ್ಮ ಬಿರುಕುಗಳನ್ನು ಹುಡುಕಿಕೊಂಡು ಹೊರಟುಹೋದವು. ಯಾರೂ ಯಾರನ್ನೂ ತಿನ್ನಲಿಲ್ಲ.

ತಾಯಿಯ ಬೆನ್ನಿನ ಮೇಲೆ ಮೂರು ಬಿಳಿ ಪೊರೆಗಳು ಅಂಟಿಕೊಂಡಿದ್ದವು. ಅವು ಉದುರದಂತೆ ಅದು ಬಹಳ ದಿನ ನಿಧಾನವಾಗಿ ನಡೆಯಿತು.

ನೀತಿ: ಕಣ್ಣಾರೆ ಪರೀಕ್ಷಿಸದ ಮಾತನ್ನು ನಂಬಿ ನಮ್ಮವರನ್ನು ದೂರ ಮಾಡಬಾರದು.